ಗಂಗಕ್ಕನ ಕಿವಿ ಮತ್ತು ನಾನು ಮಡಚಿಟ್ಟ ಚೀಟಿ

ನನ್ನ ಅಕ್ಕನ ಕಿವಿ ಹಾಳಾಗಿದ್ದು ಇಂಜೆಕ್ಷನ್‌ನಿಂದ ಎಂದು ನಮ್ಮೂರಿನವರೆಲ್ಲ ನಂಬಿದ್ದಾರೆ. ಅದು ಅರ್ಧ ನಿಜ. ಉಳಿದರ್ಧ ನಾನು. ಕಿವಿಗೆ ಏನೋ ಆಗುತ್ತಿದೆ ಎಂದು ಅವಳು ನನಗೆ ಹೇಳಿದಳು. ಹಾಗೇನಾದರೂ ಆದರೆ ಅವತ್ತೇ ಇಂಜೆಕ್ಷನ್ ನಿಲ್ಲಿಸಬೇಕು ಎಂದು ಡಾಕ್ಟರು ನನಗೆ ಮೊದಲೇ ಹೇಳಿದ್ದರು. ಈ ಎರಡೂ ಮಾತು ಗೊತ್ತಿದ್ದವನು ನಾನೊಬ್ಬನೇ. ಅವಳ ಮಾತು ಡಾಕ್ಟರಿಗೆ ಮುಟ್ಟದ ಹಾಗೆ, ಡಾಕ್ಟರ ಮಾತು ಅವಳಿಗೆ ಮುಟ್ಟದ ಹಾಗೆ ನಡುವೆ ನಿಂತೆ. ಐದು ವಾರ ಹಾಗೆ ನಿಂತೆ. ಆಮೇಲೆ ಹತ್ತು ವರ್ಷ, ಏನೂ ಆಗಿಲ್ಲವೆಂಬಂತೆ, ಅವಳು ಬಡಿಸಿದ್ದನ್ನು ಉಂಡೆ.

ಮರೆತಿದ್ದೆ ಎಂದು ಹೇಳಬಹುದಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಆದರೆ ನನ್ನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಮನೆಗೆ ತಿರುಗಿ ಬಂದು, ಬೀಗ ಎಳೆದು ನೋಡಿ, ಬಸ್ಸು ತಪ್ಪಿಸಿಕೊಂಡು, ತಪ್ಪಿಸಿಕೊಂಡ ಬಸ್ಸು ದಾರಿಯಲ್ಲಿ ಉರುಳಿರಬಹುದೇ ಎಂದು ಇನ್ನೊಂದು ಚಿಂತೆ ಹಚ್ಚಿಕೊಳ್ಳುವ ಮನುಷ್ಯ ನಾನು. ಔಷಧದ ವಿಷಯದಲ್ಲಂತೂ ಕೇಳಲೇಬೇಡಿ. ಮಾತ್ರೆಗಿಂತ ಮೊದಲು ಅದರ ಡಬ್ಬಿಯೊಳಗಿನ ಚೀಟಿ ಓದುತ್ತೇನೆ. ನೆಗಡಿಯ ಗುಳಿಗೆಯ ಚೀಟಿಯಲ್ಲಿ ಹನ್ನೆರಡು ತೊಂದರೆ ಬರೆದಿದ್ದರೆ, ಓದಿ ಮುಗಿಸುವ ಹೊತ್ತಿಗೆ ಅದರಲ್ಲಿ ಹನ್ನೊಂದು ನನಗೆ ಶುರುವಾಗಿರುತ್ತವೆ. ಹನ್ನೆರಡನೆಯದು ಗರ್ಭಿಣಿಯರಿಗೆ ಬರುವಂಥದ್ದಾದ್ದರಿಂದ ಬಚಾವು. ನನ್ನ ರಕ್ತ, ಮೂತ್ರ, ಎದೆ, ಹೊಟ್ಟೆ — ಹೊಸದುರ್ಗದಲ್ಲಿ ಪರೀಕ್ಷೆ ಮಾಡಲು ಏನೇನು ಯಂತ್ರ ಬಂದವೋ ಎಲ್ಲದರ ಕೆಳಗೂ ಮಲಗಿ ಎದ್ದಿದ್ದೇನೆ. ಇಂಥ ನಾನು ನನ್ನ ಅಕ್ಕನಿಗೆ ಮಾಡಿಸಬೇಕಿದ್ದ ಒಂದೇ ಒಂದು ಪರೀಕ್ಷೆ ಮಾಡಿಸಲಿಲ್ಲ. ಒಂದೇ ಒಂದು ಚೀಟಿ ಓದಿ ಹೇಳಲಿಲ್ಲ.

ನಮ್ಮದು ಮತ್ತೋಡು. ನಾನು ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಹೆಸರು ರುದ್ರಪ್ಪ. ಗಂಗಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಹಿರಿಯೂರು ಕಡೆಯ ಯಲ್ಲದಕೆರೆಗೆ ಮದುವೆ ಮಾಡಿ ಕೊಟ್ಟಿದ್ದರು. ಮೂರನೆಯ ವರ್ಷಕ್ಕೆ ಭಾವ ತೀರಿಕೊಂಡರು. ಅವಳು ವಾಪಸು ಬಂದವಳು ನೇರ ಅಟ್ಟ ಹತ್ತಿದಳು. ಅಲ್ಲಿಂದ ಮುಂದೆ ನಮ್ಮ ಮನೆಯ ಅಟ್ಟ ಅವಳ ರಾಜ್ಯ.

ಅಟ್ಟದ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ತೆಂಗಿನಕಾಯಿಯನ್ನು ಉಂಡೆ ಕೊಬ್ಬರಿ ಮಾಡಬೇಕಾದರೆ ಸಿಪ್ಪೆ ಸಮೇತ ಅಟ್ಟದ ಮೇಲೆ ಹರವಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರು ಇಂಗಬೇಕು, ಕೊಬ್ಬರಿ ಚಿಪ್ಪು ಬಿಟ್ಟು ಸಡಿಲಾಗಬೇಕು. ಮುಂಚೆ ಒಡೆದರೆ ಹಸಿ, ಕೆಟ್ಟುಹೋಗುತ್ತದೆ. ಹೊರಗಿಂದ ನೋಡಿದರೆ ಎಲ್ಲ ಕಾಯಿಯೂ ಒಂದೇ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮಾತ್ರ ಗೊತ್ತಾಗುವುದು — ಗುಳುಗುಳು ಎಂದರೆ ಇನ್ನೂ ನೀರಿದೆ, ಏನೂ ಅನ್ನದಿದ್ದರೆ ಇನ್ನೂ ಅಂಟಿಕೊಂಡಿದೆ, ಗಟಗಟ ಎಂದರೆ ಆಗಿದೆ. ಎಲ್ಲರೂ ಅಲ್ಲಾಡಿಸುತ್ತಾರೆ; ಗಂಗಕ್ಕನಿಗೆ ಮಾತ್ರ ಆ ಮೂರರ ನಡುವೆ ಇನ್ನೂ ಏಳೆಂಟು ಶಬ್ದ ಕೇಳುತ್ತಿದ್ದವು. ‘ಇದು ಇನ್ ಹದಿನೈದ್ ದಿನ’, ‘ಇದು ಹಬ್ಬ ಕಳೀಲಿ’, ‘ಇದು ಒಳಗೇ ಕೆಟ್ಟೈತೆ, ಅತ್ಲಾಗಿ ಒಗಿ’. ಪಕ್ಕದ ತೋಟದವರು ಕೂಡ ಅನುಮಾನ ಬಂದರೆ ಚೀಲ ಹೊತ್ತು ತರುತ್ತಿದ್ದರು. ‘ಗಂಗಕ್ಕನ ಕಿವಿಗೆ ಹಾಕ್ರಿ’ ಎನ್ನುವುದು ನಮ್ಮ ಬೀದಿಯಲ್ಲಿ ಒಂದು ತಮಾಷೆಯೇ ಆಗಿತ್ತು — ಹೆಣ್ಣು ನೋಡಿ ಬಂದವರು ಒಪ್ಪಿಗೆ ಹೇಳಲು ತಡ ಮಾಡಿದರೂ, ‘ಹುಡುಗನ್ನ ಗಂಗಕ್ಕನ ಹತ್ರ ಅಲ್ಲಾಡ್ಸಿ ನೋಡ್ರಿ’ ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವೆ ಅವಳಿಗೆ ಕ್ಷಯ ಬಂತು. ಮನೆಯಲ್ಲಿ ಆ ಹೆಸರು ಎತ್ತುವಂತಿರಲಿಲ್ಲ. ಊರಿಗೆ ‘ಕಫ ಕಟ್ಟೈತೆ’ ಎಂದೆವು. ಮೊದಲ ಸಲ ಬರೀ ಮಾತ್ರೆ ಕೊಟ್ಟರು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮೈ ತುಂಬಿತು, ಮಾತ್ರೆ ಹೊಟ್ಟೆ ಸುಡುತ್ತದೆ ಎಂದು ಅವಳೇ ಬಿಟ್ಟಳು. ‘ಗುಣ ಆತಲ್ಲ, ಇನ್ಯಾಕೆ ಹೊಟ್ಟೆ ಸುಡಿಸ್ಕಳಾದು?’ ನಾನೂ ಸುಮ್ಮನಾದೆ. ಮರುವರ್ಷ ಕೆಮ್ಮು ತಿರುಗಿ ಬಂತು — ಈ ಸಲ ಟವೆಲಿನ ಮೇಲೆ ಕೆಂಪು ಕಂಡಿತು.

ಹೊಸದುರ್ಗದ ಡಾಕ್ಟರು ವಯಸ್ಸಾದವರು, ಕಡಿಮೆ ಮಾತಿನವರು. ಕಫದ ಪರೀಕ್ಷೆ ಆಯಿತು. ಅಕ್ಕನನ್ನು ಎಕ್ಸ್‌ರೇ ಕೋಣೆಗೆ ಕರೆದುಕೊಂಡು ಹೋಗಿದ್ದರು. ಆಗ ನನ್ನನ್ನು ಕೂರಿಸಿಕೊಂಡು, ಅವರ ಮಟ್ಟಿಗೆ ಬಹಳ ದೀರ್ಘವಾದ ಮಾತೊಂದನ್ನು ಆಡಿದರು.

‘ಮೇಷ್ಟ್ರೇ, ಈ ಸಲ ಮಾತ್ರೆ ಜೊತೆಗೆ ಎರಡು ತಿಂಗಳು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ನೂ ಕೊಡಾಣ. ಒಳ್ಳೆ ಔಷಧಿ. ಆದ್ರೆ ಕೆಲವ್ರಿಗೆ ಕಿವಿಗೆ ಪೆಟ್ಟು ಕೊಡ್ತೈತೆ. ಕಿವಿಯಾಗೆ ಗುಂಯ್ ಅಂದ್ರೆ, ನಡಿವಾಗ ತೂರಾಡಿದಂಗಾದ್ರೆ, ಅವತ್ತೇ ನಿಲ್ಸಿ ನನ್ ಹತ್ರ ಬರ್ರಿ. ಬೇರೆ ದಾರಿ ಐತೆ. ತಡ ಮಾಡಿದ್ರೆ ಮಾತ್ರ ಹೋದ ಕಿವಿ ವಾಪಸ್ ಬರಲ್ಲ. ಒಂದ್ಸಲ ಚಿತ್ರದುರ್ಗಕ್ಕೆ ಕರ್ಕಂಡೋಗಿ ಕಿವಿ ಪರೀಕ್ಷೆ ಮಾಡಿಸ್ಕಂಡ್ ಬರ್ರಿ. ಈಗ ಹೆಂಗೈತೆ ಅಂತ ಗೊತ್ತಿದ್ರೆ ಮುಂದೆ ಇಳೀತಾ ಅಂತ ತಿಳೀತೈತೆ. ಓದಿದವ್ರು ನೀವು, ಅವ್ರಿಗೂ ಬಿಡಿಸಿ ಹೇಳ್ರಿ.’

ಆ ಮಾತು ಇಷ್ಟು ವರ್ಷವಾದ ಮೇಲೂ ಅಕ್ಷರ ಬಿಡದೆ ನೆನಪಿದೆ. ಡಾಕ್ಟರು ತಮ್ಮ ಕೆಲಸ ಪೂರ್ತಿ ಮಾಡಿದ್ದರು ಎಂದು ನೀವು ತಿಳಿಯಬೇಕು, ಅದಕ್ಕೇ ಪೂರ್ತಿ ಬರೆದೆ. ಅಕ್ಕ ಸೆರಗು ಸರಿಪಡಿಸಿಕೊಂಡು ಹೊರಗೆ ಬಂದಳು. ‘ಏನಂದ್ರೋ?’ ಎಂದಳು.

‘ದಿನಾ ಒಂದು ಸೂಜಿ ಅಂತೆ. ಎರಡು ತಿಂಗಳು. ಈ ಸಲ ನಡುವೆ ಬಿಟ್ರೆ ಮುಗೀತು ಅಂತೆ,’ ಎಂದೆ.

ಕೊನೆಯ ವಾಕ್ಯ ಡಾಕ್ಟರದಲ್ಲ, ನನ್ನದು.

ಇಂಜೆಕ್ಷನ್ ಕೊಡಲು ಊರಿನಲ್ಲೇ ಇದ್ದ ನಾಗರತ್ನಮ್ಮ ಬರುತ್ತಿದ್ದರು — ಆಸ್ಪತ್ರೆಯ ಕೆಲಸದಿಂದ ನಿವೃತ್ತಿಯಾದ ನರ್ಸಮ್ಮ, ಸ್ಟೀಲಿನ ಡಬ್ಬಿ ಹಿಡಿದು ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹಾಜರು. ಕಿವಿಯ ಪರೀಕ್ಷೆಗೆ ನಾವು ಚಿತ್ರದುರ್ಗಕ್ಕೆ ಹೋಗಲಿಲ್ಲ. ಮೊದಲ ವಾರ ಶಾಲೆಯಲ್ಲಿ ಮಕ್ಕಳ ಪರೀಕ್ಷೆ ಇದೆ ಎಂದುಕೊಂಡೆ. ಎರಡನೆಯ ವಾರ — ಬಸ್ಸಿನಲ್ಲಿ ಊರಿನವರು ಸಿಗುತ್ತಾರೆ, ಎಲ್ಲಿಗೆ ಎನ್ನುತ್ತಾರೆ, ಕಿವಿಗೆ ಎಂದರೆ ಯಾಕೆ ಎನ್ನುತ್ತಾರೆ, ಇಂಜೆಕ್ಷನ್ ಎಂದರೆ ಯಾವ ಕಾಯಿಲೆಗೆ ಎನ್ನುತ್ತಾರೆ... ಹೀಗೆ ಪ್ರಶ್ನೆಗಳ ಸಾಲು ಕಟ್ಟಿಕೊಂಡು, ಕೊನೆಯ ಪ್ರಶ್ನೆಗೆ ಹೆದರಿ ಮೊದಲ ಹೆಜ್ಜೆಯನ್ನೇ ಇಡಲಿಲ್ಲ.

ಮೂರನೆಯ ವಾರ ಕಳೆದಿತ್ತು. ಭಾನುವಾರ ಬೆಳಿಗ್ಗೆ. ಅಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಕಿರಿ ಮಗಳು ನಂದಿನಿ, ಆಗ ನಾಲ್ಕು ವರ್ಷ, ಅತ್ತೆಯ ಮಡಿಲಿನಲ್ಲೇ ಕುಳಿತು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

‘ಲೇ ರುದ್ರ,’ ಎಂದಳು ಅಕ್ಕ, ‘ಮೂರ್ ದಿನದಿಂದ ಕಿವ್ಯಾಗೆ ಜೀರುಂಡೆ ಕುಂತಂಗೈತೆ ಕಣೋ. ನಿಲ್ಲಂಗೇ ಇಲ್ಲ. ಆ ಸೂಜಿ ಡಬ್ಬಿ ಚೀಟಿಯಾಗೆ ಏನಾರ ಬರ್ದೈತಾ, ವಸಿ ನೋಡು.’

ಚೀಟಿ ತಂದೆ. ನಾಲ್ಕು ಮಡಿಕೆಯ, ಸಣ್ಣ ಅಕ್ಷರದ, ಇಂಗ್ಲಿಷಿನ ಚೀಟಿ. ಅದನ್ನು ಮೊದಲ ದಿನವೇ ಓದಿದ್ದೆ. ಆಮೇಲೆ ದಿನವೂ ಓದಿದ್ದೆ. ಕಿವಿಯ ಸಾಲು ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಬೆರಳಿಡಬಲ್ಲವನಾಗಿದ್ದೆ. ಆದರೂ ಬಿಚ್ಚಿ, ಕನ್ನಡಕ ಏರಿಸಿ, ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿದಂತೆ ಮಾಡಿದೆ. ಅವಳು ಸುಲಿಯುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

‘ಏನಿಲ್ಲಕ್ಕ. ಮಾಮೂಲಿ. ನಿಶ್ಶಕ್ತಿಗೆ ಹಂಗಾಗ್ತೈತೆ,’ ಎಂದೆ.

‘ನೀನು ಓದಿದ್ಮೇಲೆ ಸರಿ ಬಿಡು,’ ಎಂದು ಅವರೆಕಾಯಿಗೆ ಕೈ ಹಾಕಿದಳು.

ನಮ್ಮ ಮನೆಯ ಪದ್ಧತಿಯೇ ಹಾಗಿತ್ತು. ಇಂಗ್ಲಿಷಿನಲ್ಲಿ ಏನು ಬಂದರೂ — ಬ್ಯಾಂಕಿನ ಕಾಗದ, ಗೊಬ್ಬರದ ಚೀಲ, ಔಷಧದ ಚೀಟಿ — ನಾನು ಓದಬೇಕು, ನಾನು ಹೇಳಿದ್ದೇ ಅದರ ಅರ್ಥ. ಏಳನೆಯ ತರಗತಿಯವರೆಗೆ ಕನ್ನಡ ಓದಿದ್ದ ಅಕ್ಕ, ನನ್ನನ್ನು ಕಾಲೇಜಿಗೆ ಕಳಿಸಲೆಂದು ಅಪ್ಪನ ಜೊತೆ ಜಗಳವಾಡಿದ್ದವಳು. ಆ ಓದನ್ನು ನಾನು ಉಪಯೋಗಿಸಿದ್ದು ಹೀಗೆ.

ಯಾಕೆ ಹಾಗೆ ಹೇಳಿದೆ? ಹತ್ತು ವರ್ಷ ನನಗೆ ನಾನು ಕೊಟ್ಟುಕೊಂಡ ಉತ್ತರ ಇದು: ಇಂಜೆಕ್ಷನ್ ನಿಲ್ಲಿಸಿದರೆ ಕಾಯಿಲೆ ಮತ್ತೆ ಬರುತ್ತದೆ, ಬಂದರೆ ಅಕ್ಕ ಉಳಿಯುವುದಿಲ್ಲ, ಜೀವ ಒಂದು ಕಡೆ, ಕಿವಿ ಒಂದು ಕಡೆ — ತೂಗಿ ನೋಡಿದೆ, ಜೀವ ಭಾರವಾಗಿತ್ತು. ಕೇಳಲು ಎಷ್ಟು ಚೆನ್ನಾಗಿದೆ! ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಪೆಟ್ಟಿಗೆಯ ತಕ್ಕಡಿ ಇದೆ. ಮಕ್ಕಳಿಗೆ ಪ್ರತಿ ವರ್ಷ ಮೊದಲ ದಿನ ನಾನು ಹೇಳುವುದು ಒಂದೇ: ತೂಗುವಾಗ ತಟ್ಟೆಗೆ ಬೆರಳು ತಾಗಿಸಬೇಡಿ. ನನ್ನ ಬೆರಳು ತಟ್ಟೆಯ ಮೇಲೇ ಇತ್ತು. ಡಾಕ್ಟರು ‘ಬೇರೆ ದಾರಿ ಐತೆ’ ಎಂದಿದ್ದರು. ನಾನು ಆ ದಾರಿಯನ್ನು ತಕ್ಕಡಿಗೆ ಹಾಕಲೇ ಇಲ್ಲ. ಹಾಕಿದ್ದು ಬೇರೆ. ಅತ್ತೆಯ ಮಡಿಲಲ್ಲಿ ಕೂತ ನಂದಿನಿ. ಅತ್ತೆಯ ಸೆರಗು ಹಿಡಿಯದೆ ನಿದ್ದೆ ಮಾಡದ ನಂದಿನಿ. ಇಂಜೆಕ್ಷನ್ ನಡೆಯುತ್ತಿದ್ದರೆ ರೋಗ ಹಿಡಿತದಲ್ಲಿದೆ, ನಿಂತರೆ ನನ್ನ ಮಕ್ಕಳಿಗೆ ಹರಡುತ್ತದೆ — ಇದು ನನ್ನ ಲೆಕ್ಕ. ಸರಿಯೋ ತಪ್ಪೋ ಡಾಕ್ಟರನ್ನು ಕೇಳಬಹುದಿತ್ತು. ಹೊಸದುರ್ಗ ಹನ್ನೆರಡೇ ಮೈಲಿ ದೂರ, ಬಸ್ಸಿಳಿದು ದಿನವೂ ಅವರ ಆಸ್ಪತ್ರೆಯ ಬೀದಿಯಲ್ಲೇ ನಡೆದು ಶಾಲೆಗೆ ಹೋಗುತ್ತಿದ್ದೆ. ಕೇಳಲಿಲ್ಲ. ಕೇಳಿದರೆ ನಿಲ್ಲಿಸಿ ಎಂದುಬಿಡುತ್ತಾರೆ ಎಂಬ ಹೆದರಿಕೆ. ನಾನು ಅಕ್ಕನ ಜೀವಕ್ಕಾಗಿ ಅಕ್ಕನ ಕಿವಿ ಕೊಟ್ಟೆ ಎಂದು ಹೇಳಿಕೊಂಡು ತಿರುಗಿದೆ. ನಿಜವಾಗಿ ಕೊಟ್ಟಿದ್ದು ನನ್ನ ಹೆದರಿಕೆಗೆ.

ಐದನೆಯ ವಾರದ ಒಂದು ಬೆಳಿಗ್ಗೆ ನಾಗರತ್ನಮ್ಮ ಹೊರಟವರು ಬಾಗಿಲಲ್ಲಿ ನಿಂತರು. ‘ಮೇಷ್ಟ್ರೇ, ಗಂಗಕ್ಕನ ನಡಿಗೆ ಯಾಕೋ ವಾಲ್ತೈತೆ. ಗ್ವಾಡೆ ಹಿಡ್ಕಂಡು ಹೋಗ್ತಾಳೆ. ನಾನು ಕರೆದ್ರೆ ಎರಡನೇ ಸಲಕ್ಕೆ ತಿರುಗ್ತಾಳೆ. ಡಾಕ್ಟ್ರಿಗೆ ಹೇಳೀರಾ?’

‘ಹೇಳೀನಿ,’ ಎಂದೆ.

‘ಏನಂದ್ರು?’

‘ಮುಂದುವರಿಸ್ರಿ ಅಂದ್ರು.’

ಆಯಮ್ಮ ಡಬ್ಬಿ ತಿರುಗಿಸಿ ಹಿಡಿದುಕೊಂಡರು. ‘ಡಾಕ್ಟ್ರೇ ಅಂದ್ಮೇಲೆ...’ ಎಂದು ಮೆಟ್ಟಿಲು ಇಳಿದರು. ಮರುದಿನ ಏಳಕ್ಕೆ ಸರಿಯಾಗಿ ಬಂದರು. ಆ ಸೂಜಿಯನ್ನು ಅವರ ಕೈಯಲ್ಲಿ ಹಿಡಿಸಿದ್ದು ನನ್ನ ನಾಲಿಗೆ.

ಇಂಜೆಕ್ಷನ್ ಮುಗಿಯಲು ಎರಡು ದಿನ ಬಾಕಿ. ನಾನು ಶಾಲೆಯಿಂದ ಬಂದಾಗ ಅಕ್ಕ ಅಟ್ಟದ ಮೇಲಿದ್ದಳು. ಏಣಿ ಹತ್ತಬೇಡ ಎಂದು ನನ್ನ ಹೆಂಡತಿ ಶಾರದ ಹೇಳಿದ್ದಳಂತೆ. ಕೇಳಿಸಿಕೊಂಡಿರಲಿಲ್ಲ — ನಿಜಕ್ಕೂ ಕೇಳಿಸಿರಲಿಲ್ಲ. ನಾನು ಏಣಿಯ ಅರ್ಧದಲ್ಲಿ ನಿಂತು ನೋಡಿದೆ. ಒಂದು ಕಾಯಿ ಎತ್ತಿ ಬಲಗಿವಿಗೆ ಹಿಡಿದು ಅಲ್ಲಾಡಿಸಿದಳು. ಎಡಗಿವಿಗೆ ಹಿಡಿದಳು. ಕೆಳಗಿಟ್ಟು ಇನ್ನೊಂದು ಎತ್ತಿದಳು. ನನಗೆ, ಏಣಿಯ ಮೇಲೆ ನಿಂತವನಿಗೆ, ಅದು ಗಟಗಟ ಎಂದಿದ್ದು ಸ್ಪಷ್ಟವಾಗಿ ಕೇಳಿಸಿತು. ಅವಳು ಅದನ್ನೂ ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ ನಕ್ಕಳು.

‘ಈ ಸಲದ ಕಾಯಿ ಯಾಕೋ ಮಾತೇ ಆಡ್ತಿಲ್ವಲ್ಲೋ ರುದ್ರ.’

ಆ ನಗು... ಅದರ ಬಗ್ಗೆ ಬರೆಯಲು ಹೋಗಿ ಮೂರು ಹಾಳೆ ಹರಿದೆ. ಇಷ್ಟೇ ಸಾಕು: ಅವಳು ಕಾಯಿಯನ್ನು ದೂರಿದಳು.

ಮರುದಿನ ಹೊಸದುರ್ಗಕ್ಕೆ ಕರೆದೊಯ್ದೆ. ಡಾಕ್ಟರು ತಮ್ಮ ಕೈಗಡಿಯಾರ ಬಿಚ್ಚಿ ಅವಳ ಕಿವಿಯ ಹತ್ತಿರ ಹಿಡಿದರು. ಅವಳು ಮುಂದೇನು ಎಂಬಂತೆ ಕಾಯುತ್ತಾ ಕುಳಿತಿದ್ದಳು. ಡಾಕ್ಟರು ಅವಳನ್ನು ಏನೋ ಕೇಳಿದರು. ಅವಳು ನನ್ನ ಮುಖ ನೋಡಿದಳು. ಅವರೂ ನನ್ನ ಕಡೆ ತಿರುಗಿದರು.

‘ಗುಂಯ್ ಅನ್ನಾದು ಯಾವಾಗಿಂದ ಶುರುವಾತು?’

‘ಒಂದು ವಾರದಿಂದ ಸಾರ್.’

ಅವಳ ಎದುರಿಗೇ ಹೇಳಿದೆ. ಅವಳಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಿಂದ. ನನ್ನ ಸುಳ್ಳುಗಳಲ್ಲೆಲ್ಲ ಇದೇ ಹೇಸಿಗೆಯದು. ಇದಕ್ಕೆ ತಕ್ಕಡಿಯ ನೆಪವೂ ಇಲ್ಲ. ಅಷ್ಟು ಹೊತ್ತಿಗೆ ತೂಗುವುದಕ್ಕೆ ಏನೂ ಉಳಿದಿರಲಿಲ್ಲ, ನನ್ನ ಮಾನವೊಂದನ್ನು ಬಿಟ್ಟು. ಡಾಕ್ಟರು ಗಡಿಯಾರ ಕಟ್ಟಿಕೊಳ್ಳಲು ಹೋಗಿ ಎರಡು ಸಲ ಕೊಕ್ಕೆ ತಪ್ಪಿಸಿದರು. ‘ಒಂದೇ ವಾರದಾಗೆ ಇಷ್ಟು... ನಾನೇ ಕರೆಸಿ ನೋಡಬೇಕಿತ್ತು,’ ಎಂದರು. ತಾವು ಬರೆದುಕೊಟ್ಟಿದ್ದ ಔಷಧದ ಚೀಟಿಯ ಮೇಲೆ ಇಂಜೆಕ್ಷನ್‌ನ ಹೆಸರಿಗೆ ಗೀಟು ಹಾಕಿ, ಬೇರೆ ಮಾತ್ರೆ ಬರೆದರು. ಅದೇ, ಆ ‘ಬೇರೆ ದಾರಿ’. ಅಕ್ಕ ಮುಂದಿನ ಆರು ತಿಂಗಳು ಆ ಮಾತ್ರೆ ನುಂಗಿದಳು. ಕ್ಷಯ ಪೂರ್ತಿ ಗುಣವಾಯಿತು, ಮತ್ತೆ ಬರಲಿಲ್ಲ. ಔಷಧಗಳು ತಮ್ಮ ಕೆಲಸ ಮಾಡಿದವು, ಅವುಗಳ ಮೇಲೆ ನನಗೆ ದೂರಿಲ್ಲ, ನಿಮಗೂ ಬೇಡ. ಎಚ್ಚರಿಕೆಯನ್ನೂ ಡಬ್ಬಿಯಲ್ಲೇ ಇಟ್ಟು ಕಳಿಸಿದ್ದರು.

ಊರಿನಲ್ಲಿ ‘ಆ ಡಾಕ್ಟ್ರ ಸೂಜಿ ಗಂಗಕ್ಕನ ಕಿವಿ ತಿಂತು’ ಎಂದಾಯಿತು. ಶಾರದ ಕೂಡ ಹಾಗೇ ಶಪಿಸಿದಳು. ನಾನು ಅಲ್ಲಗಳೆಯಲಿಲ್ಲ. ಆ ಡಾಕ್ಟರು ಮುಂದೆ ಕೆಲಸ ಬಿಟ್ಟು ಮಗಳ ಊರಿಗೆ ಹೋದರು. ಹೋಗುವಾಗಲೂ ಎದುರಿಗೆ ಸಿಕ್ಕಾಗ ‘ಅಕ್ಕ ಹೆಂಗವ್ರೆ?’ ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ನಡೆದರು. ಆ ಭಾರ ಅವರದಲ್ಲ ಎಂದು ಅವತ್ತು ನಡುಬೀದಿಯಲ್ಲಿ ಒಂದು ಮಾತು ಸಾಕಿತ್ತು.

ಅಕ್ಕನ ಕೈಗೆ ಒಂದು ಸ್ಲೇಟು ಬಂತು. ನನ್ನ ದೊಡ್ಡ ಮಗಳದೇ ಹಳೆಯದು. ಅಕ್ಕ ಮಾತಾಡುತ್ತಾಳೆ, ನಾವು ಬರೆಯುತ್ತೇವೆ. ‘ಊಟಕ್ಕೆ ಬಾ’, ‘ಕರೆಂಟಿಲ್ಲ’, ‘ಮಾವ ಬಂದಿದಾರೆ’. ನಂದಿನಿ ಕನ್ನಡ ಅಕ್ಷರ ಕಲಿತದ್ದೇ ಅತ್ತೆಯ ಜೊತೆ ಮಾತಾಡಲಿಕ್ಕೆ. ಅಕ್ಕ ಅಟ್ಟವನ್ನು ಬಿಟ್ಟುಕೊಡಲಿಲ್ಲ. ಎರಡು ವರ್ಷ ಹಸಿಕಾಯಿ ಒಡೆದು ಹಾಳು ಮಾಡಿದಳು, ಬೈದುಕೊಂಡಳು, ಆಮೇಲೆ ಕಾಯಿಯನ್ನು ಎರಡೂ ಅಂಗೈ ನಡುವೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿ, ಒಳಗಿನ ಬಡಿತವನ್ನು ಬೆರಳಿಂದ ಹಿಡಿಯಲು ಕಲಿತಳು. ಈಗ ಅವಳ ಅಂಗೈ ಹೆಚ್ಚುಕಡಿಮೆ ಸುಳ್ಳು ಹೇಳುವುದಿಲ್ಲ. ಕತ್ತಲಲ್ಲಿ ಮಾತ್ರ ನಡೆಯಲಾರಳು. ಕಾಲಿಗೆ ನೆಲ ಎಲ್ಲಿದೆ ಎಂದು ಕಣ್ಣೇ ಹೇಳಬೇಕು.

ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳ ಕಿವಿ ಪರೀಕ್ಷೆ ಮಾಡಿಸಲಿಲ್ಲ. ಕಿವಿಗೆ ಹಾಕುವ ಯಂತ್ರದಿಂದ ಏನಾದರೂ ಕೇಳಿಸೀತೋ ಎಂದು ಶಾರದ ಎಷ್ಟೋ ಸಲ ಹೇಳಿದಳು. ‘ಹೋಗಾಣ, ರಜಾ ಬರ್ಲಿ’ ಎನ್ನುತ್ತಿದ್ದೆ. ಮೇಷ್ಟ್ರಿಗೆ ರಜೆ ಬರುವುದಿಲ್ಲವೇ! ಪರೀಕ್ಷೆ ಮಾಡುವವರು ಮೊದಲು ಕೇಳುವುದೇ ‘ಯಾವಾಗಿಂದ?’ ಎಂದು. ಆ ಪ್ರಶ್ನೆಯ ಎದುರಿಗೆ ಇನ್ನೊಮ್ಮೆ ಕೂರಲಾರದೆ, ಅವಳಿಗೆ ಸಿಗಬಹುದಾಗಿದ್ದ ಶಬ್ದವನ್ನೂ ತಡೆದಿಟ್ಟೆ. ಮೊದಲ ತಪ್ಪು ಐದು ವಾರದ್ದು ಎಂದೆನಲ್ಲ — ಈ ಎರಡನೆಯದು ಇವತ್ತಿನವರೆಗೂ ನಡೆದಿದೆ.

ಹೋದ ತಿಂಗಳು ನನ್ನ ಎದೆ ಭಾರವಾಯಿತು. ನನಗೆ ಎದೆ ಭಾರವಾಗುವುದು ಹೊಸದಲ್ಲ, ಮನೆಯವರು ಅದಕ್ಕೆ ಎದ್ದು ಕೂರುವುದನ್ನೂ ಬಿಟ್ಟಿದ್ದಾರೆ. ಈ ಸಲ ಇಸಿಜಿಯಲ್ಲೂ ಏನೋ ಕಂಡು ಚಿತ್ರದುರ್ಗಕ್ಕೆ ಬರೆದುಕೊಟ್ಟರು. ಅಕ್ಕ ಹೊರಟು ನಿಂತಳು. ‘ನಾನೂ ಬರ್ತೀನಿ. ಇವ್ನೊಬ್ನೇ ಹೋದ್ರೆ ಕಾಯಿಲೆಗಿಂತ ಮೊದ್ಲು ಹೆದ್ರಿಕೆಗೇ ಸಾಯ್ತಾನೆ.’ ಕೈಚೀಲದಲ್ಲಿ ಸ್ಲೇಟು ಇಟ್ಟುಕೊಂಡಳು. ಬಸ್ಸಿನಲ್ಲಿ ಪಕ್ಕದವರು ಅವಳೇ ಮೇಡಮ್ಮು, ನಾನು ಅವಳ ಹಿಂದೆ ಹೊರಟ ದಡ್ಡ ಶಿಷ್ಯ ಎಂದುಕೊಂಡರು.

ಚಿತ್ರದುರ್ಗದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಾಗದದ ಮೇಲೆ ಎದೆಯ ಚಿತ್ರ ಬರೆದು ತೋರಿಸಿದರು. ರಕ್ತನಾಳದೊಳಗೆ ನಳಿಗೆ ಹಾಕಿ ನೋಡುವ ಪರೀಕ್ಷೆ ಮಾಡಿದರೆ ಏನು ತಿಳಿಯುತ್ತದೆ, ಅದರಲ್ಲಿ ಏನು ಅಪಾಯ. ಅದು ಬೇಡವೆಂದು ಮಾತ್ರೆಯಲ್ಲೇ ನೋಡಿದರೆ ಏನು ಅನುಕೂಲ, ಏನು ತೊಂದರೆ. ಎಲ್ಲ ಹೇಳಿ ಪೆನ್ನು ಕೆಳಗಿಟ್ಟರು. ‘ಎರಡೂ ಹೇಳೀನಿ ಸಾರ್. ಮೈ ನಿಮ್ದು. ಯೋಚ್ನೆ ಮಾಡಿ ನೀವೇ ಹೇಳ್ರಿ.’ ಆಮೇಲೆ ಅಕ್ಕನ ಕೈಯಲ್ಲಿದ್ದ ಸ್ಲೇಟು ನೋಡಿ, ‘ಇವರ ಕಿವಿ ಯಾವಾಗ್ಲಾದ್ರೂ ಪರೀಕ್ಷೆ ಆಗೈತಾ?’ ಎಂದರು.

‘ಇಲ್ಲ,’ ಎಂದೆ. ಆ ವಿಷಯದಲ್ಲಿ ಒಬ್ಬ ಡಾಕ್ಟರ ಎದುರು ನಾನು ಹೇಳಿದ ಮೊದಲ ನಿಜ.

ಹೊರಗೆ ಬೆಂಚಿನ ಮೇಲೆ ಕುಳಿತೆವು. ‘ಏನಂದ್ಲು ಆ ಹುಡ್ಗಿ?’ ಎಂದು ಅಕ್ಕ ಸ್ಲೇಟು ಚಾಚಿದಳು. ನನ್ನ ಕೈ ಬಳಪ ಹಿಡಿದು ತಾನೇ ತಾನಾಗಿ ಬರೆಯಿತು: ಮಾಮೂಲಿ.

ಅವಳು ಓದಿದಳು. ಸೆರಗಿನಿಂದ ಒರೆಸಿದಳು. ‘ಈ ಅಕ್ಷರ ನಂಗೆ ಬ್ಯಾಡ ಕಣೋ. ನಿನ್ ಮುಖ ಬೇರೆ ಏನೋ ಹೇಳ್ತೈತೆ. ಪೂರಾ ಬರಿ. ನಂಗೆ ಕಿವಿ ಹೋಗೈತೆ, ಬುದ್ಧಿ ಹೋಗಿಲ್ಲ.’

ಪೂರಾ ಬರೆದೆ. ಸ್ಲೇಟು ನಾಲ್ಕು ಸಲ ತುಂಬಿತು, ನಾಲ್ಕು ಸಲ ಅವಳೇ ಒರೆಸಿ ಕೊಟ್ಟಳು. ಕೊನೆಯಲ್ಲಿ ಡಾಕ್ಟರ ಮಾತನ್ನೂ ಬರೆದೆ: ಮೈ ನಿಮ್ಮದು, ನೀವೇ ಹೇಳಿ. ಅದರ ಮೇಲೆ ಅವಳ ಬೆರಳು ನಿಂತಿತು.

‘ಹಂಗಂದ್ಲಾ? ಒಳ್ಳೆ ಹುಡ್ಗಿ.’ ಆಮೇಲೆ, ದೂರುವ ದನಿಯಲ್ಲ, ನೆನಪಾಗಿದ್ದನ್ನು ಹೇಳುವ ದನಿಯಲ್ಲಿ, ‘ನನ್ನ ಯಾರೂ ಕೇಳ್ಲಿಲ್ಲ ನೋಡು,’ ಎಂದಳು.

ಬಳಪ ನನ್ನ ಕೈಯಲ್ಲೇ ಇತ್ತು. ಕೇಳಿದ್ದಿದ್ದರೆ ನೀನು ಏನು ಹೇಳುತ್ತಿದ್ದೆ ಎಂದು ಬರೆದೆ.

‘ಯಾರಿಗ್ಗೊತ್ತು? ಕಿವಿ ಹೋದ್ರೂ ಹೋಗ್ಲಿ, ಜೀವ ಇರ್ಲಿ ಅಂತಿದ್ನೇನೋ. ನಂದಿನೀನ ಎತ್ಕಬೇಕಿತ್ತಲ್ಲ ಅವಾಗ.’ ಸ್ಲೇಟನ್ನು ಚೀಲಕ್ಕೆ ಹಾಕಿಕೊಂಡಳು. ‘ಆದ್ರೆ ಹಂಗಂತ ನಾನ್ ಅಂತಿದ್ದೆ.’

ಕೇಳಲಿಲ್ಲ ಎಂದು ಅವಳು ಹೇಳಿದ್ದು ಹೊಸದುರ್ಗದ ಆ ಹಳೆಯ ಡಾಕ್ಟರನ್ನು ಕುರಿತು. ಅವಳಿಗೆ ಬಿಡಿಸಿ ಹೇಳಿ ಎಂದು ಅವರು ನನಗೆ ಹೇಳಿದ್ದರು. ಆ ಮಾತನ್ನು ದಾರಿಯಲ್ಲಿ ಹಿಡಿದಿಟ್ಟುಕೊಂಡವನು ಅವಳ ಪಕ್ಕದಲ್ಲೇ ಕುಳಿತಿದ್ದ.

ಅವತ್ತೇ ಹೇಳಬೇಕಿತ್ತು. ಬಸ್ಸು ಹೊಳಲ್ಕೆರೆ ದಾಟಿತು, ಹೊಸದುರ್ಗ ಬಂತು, ಮತ್ತೋಡಿನ ಬಸ್ಸು ಹತ್ತಿದೆವು — ನನ್ನಿಂದಾಗಲಿಲ್ಲ. ಸ್ಲೇಟು ಇದಕ್ಕೆ ಸಾಲದು ಎಂದು ನೆಪ ಹುಡುಕಿಕೊಂಡೆ. ಆದರೆ ಈ ನೆಪದಿಂದ ಒಂದು ಒಳ್ಳೆಯದಾಯಿತು: ಮರುದಿನ ಇನ್ನೂರು ಪುಟದ ನೋಟ್‌ಬುಕ್ ತಂದೆ. ನೀವು ಈಗ ಓದುತ್ತಿರುವುದನ್ನು ಅದರಲ್ಲೇ ಬರೆದಿದ್ದೇನೆ, ಅಕ್ಕನಿಗೆ ಕಾಣುವ ಹಾಗೆ ದಪ್ಪ ಅಕ್ಷರದಲ್ಲಿ. ಆ ಚೀಟಿಯನ್ನು ನಾನು ಎಸೆದಿರಲಿಲ್ಲ. ಎಸೆದರೆ ಯಾರಾದರೂ ಎತ್ತಿ ಓದಿಯಾರೆಂಬ ಚಿಂತೆಯಿಂದ ಶಾಲೆಯ ತೂಕದ ಕಲ್ಲುಗಳ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಕೆಳಗೆ ಮಡಚಿ ಇಟ್ಟಿದ್ದೆ. ಮೊನ್ನೆ ತೆಗೆದು ತಂದು ನೋಟ್‌ಬುಕ್ಕಿನ ಮೊದಲ ಹಾಳೆಗೆ ಅಂಟಿಸಿ, ಎದುರಿನ ಪುಟದಲ್ಲಿ ಪ್ರತಿ ಸಾಲನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಕಿವಿಯ ಸಾಲನ್ನು ಕೆಂಪು ಶಾಯಿಯಲ್ಲಿ. ನಾಗರತ್ನಮ್ಮನವರಿಗೂ, ಆ ಡಾಕ್ಟರ ಮಗಳ ಊರಿನ ವಿಳಾಸಕ್ಕೂ ಒಂದೊಂದು ಕಾಗದ ಬರೆದಾಗಿದೆ. ಅಕ್ಕ ಓದಿದ ಮೇಲೆ ಅವು ಅಂಚೆಗೆ ಹೋಗುತ್ತವೆ. ಅದಕ್ಕಿಂತ ಮೊದಲು ಅಲ್ಲ. ಇದು ಅಚ್ಚಾಗಿ ನಿಮ್ಮ ಕೈ ಸೇರಿದೆ ಎಂದರೆ ಅವಳು ಓದಿದ್ದಾಳೆ, ಮತ್ತು ಒಪ್ಪಿದ್ದಾಳೆ ಎಂದು ತಿಳಿಯಿರಿ. ಕ್ಷಮಿಸಿದ್ದಾಳೆ ಎಂದು ತಿಳಿಯಬೇಡಿ. ಅದು ಬೇರೆ ಮಾತು, ಅದನ್ನು ನಾನು ಕೇಳುವವನಲ್ಲ.

ಬರುವ ಸೋಮವಾರ ಚಿತ್ರದುರ್ಗದಲ್ಲಿ ಅವಳ ಕಿವಿಯ ಪರೀಕ್ಷೆಗೆ ಹೆಸರು ಬರೆಸಿದ್ದೇನೆ. ಯಂತ್ರ ಹಾಕಿದರೆ ಸ್ವಲ್ಪ ಕೇಳಿಸಬಹುದು, ಏನೂ ಕೇಳಿಸದೆಯೂ ಇರಬಹುದು, ಬರೀ ಗದ್ದಲ ಹೆಚ್ಚಾಗಿ ತಲೆನೋವು ಬರಬಹುದು — ವಿಚಾರಿಸಿದ್ದನ್ನೆಲ್ಲ ಕೊನೆಯ ಪುಟಗಳಲ್ಲಿ ಬರೆದಿದ್ದೇನೆ. ಬೇಡ ಎಂದರೆ ಹೆಸರು ತೆಗೆಸುತ್ತೇನೆ. ಹೋಗುವುದಾದರೆ ‘ಯಾವಾಗಿಂದ?’ ಎನ್ನುವ ಪ್ರಶ್ನೆಗೆ ಉತ್ತರ ಅವಳೇ ಹೇಳುತ್ತಾಳೆ. ಅವಳಿಗೆ ದಿನ ಸಮೇತ ಗೊತ್ತು; ಅವರೆಕಾಯಿಯ ಕಾಲ.

ಈಗ ಮಧ್ಯಾಹ್ನ ಮೂರು ಗಂಟೆ. ಅಟ್ಟದ ಮೇಲೆ ಅವಳು ಕಾಯಿ ಆರಿಸುತ್ತಿರುವ ಸದ್ದು ಕೇಳುತ್ತಿದೆ. ನನಗೆ ಕೇಳುತ್ತಿದೆ. ನೋಟ್‌ಬುಕ್ಕನ್ನು ಏಣಿಯ ಬುಡದಲ್ಲಿಟ್ಟು ತೋಟದ ಕಡೆ ಹೋಗಿಬಿಡೋಣ ಎಂದು ಬೆಳಗಿನಿಂದ ಎರಡು ಸಲ ಅನ್ನಿಸಿತು, ಇಲ್ಲ. ನಾನೇ ಹತ್ತಿ ಹೋಗಿ ಅವಳ ಕೈಗೆ ಕೊಡುತ್ತೇನೆ. ಅವಳು ನಿಧಾನವಾಗಿ, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ಓದುತ್ತಾಳೆ, ಬಹಳ ಹೊತ್ತು ಹಿಡಿಯುತ್ತದೆ. ಮುಗಿಯುವವರೆಗೂ ಎದುರಿಗೆ, ಅವಳಿಗೆ ನನ್ನ ಮುಖ ಕಾಣುವ ಹಾಗೆ, ಕಾಯಿಗಳ ನಡುವೆ ಕುಳಿತಿರುತ್ತೇನೆ. ತಲೆಯೆತ್ತಿ ಏನು ಕೇಳಿದರೂ ಪೂರಾ ಬರೆಯುತ್ತೇನೆ. ಏನೂ ಕೇಳದೆ ಸ್ಲೇಟನ್ನು ಬೋರಲು ಹಾಕಿದರೆ, ಹಾಗೇ ಕುಳಿತಿರುತ್ತೇನೆ.